ಇಯರ್‌ಪ್ಲಗ್ ಟ್ರೈನಿಂಗ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ ಕಡೆ ಫ್ಯಾಕ್ಟರಿ ನಡೆಸುವವರು ದಯವಿಟ್ಟು ಓದಿ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ನಮ್ಮದು ಪ್ರೆಸ್ ಶಾಪ್, ಅಂದರೆ ಮೆಷಿನ್‌ನಲ್ಲಿ ಲೋಹದ ಶೀಟ್ ಒತ್ತಿ ಪಾರ್ಟ್ ಮಾಡುವ ಕಡೆ. ಪವರ್ ಪ್ರೆಸ್ ಸದ್ದು ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಹುಡುಗರ ಕಿವಿ ಉಳಿಯಲಿ ಅಂತ ಸೇಫ್ಟಿ ಟ್ರೈನಿಂಗ್‌ನವರೊಬ್ಬರನ್ನು ಕರೆಸಿದೆವು. ಒಬ್ಬೊಬ್ಬರಿಗೂ ಕಿವಿಗೆ ಪ್ಲಗ್ ಹಾಕುವುದನ್ನು ಕಲಿಸುತ್ತೇವೆ ಅಂದಿದ್ದರು. ದುಡ್ಡು ಪೂರ್ತಿ ಮೊದಲೇ ಇಸ್ಕೊಂಡರು. ಬಂದು ಏನು ಮಾಡಿದರು? ಶಿರಾ, ಮಧುಗಿರಿ ಕಡೆಯ ಹುಡುಗರಿಗೆ ಇಂಗ್ಲಿಷ್ ಸ್ಲೈಡ್ ತೋರಿಸಿದರು. ಒಂದೊಂದು ಜೊತೆ ಫೋಮ್ ಪ್ಲಗ್ ಕೊಟ್ಟು ಗ್ರೂಪ್ ಫೋಟೋ ತೆಗೆದರು. ಸರ್ಟಿಫಿಕೇಟ್ ಹಂಚಿ ಹೊರಟರು.

ಆಮೇಲೆ ಕಸ್ಟಮರ್ ಕಂಪನಿ ಕಡೆಯಿಂದ ಫ್ಯಾಕ್ಟರಿ ತಪಾಸಣೆ ಮಾಡುವ ಆಡಿಟರ್ ಬಂದರು. ಪ್ರೆಸ್ ಹತ್ತಿರ ಇದ್ದ ಹುಡುಗನಿಗೆ "ತೆಗೆದು ಮತ್ತೆ ಹಾಕ್ಕೊಳ್ಳಪ್ಪಾ" ಅಂದರು. ಅವನು ಗ್ರೀಸ್ ಮೆತ್ತಿದ ಬೆರಳಲ್ಲೇ ಪ್ಲಗ್ಗನ್ನು ಸುಮ್ನೆ ಕಿವಿಗೆ ಒತ್ತಿದ. ಅರ್ಧ ಆಚೆಗೇ ಇತ್ತು. ಕತ್ತು ತಿರುಗಿಸಿದ, ಬಿದ್ದೇ ಹೋಯಿತು. ಪಕ್ಕದವನೂ ಹಾಗೇ. ಅವನ ಪಕ್ಕದವನೂ ಹಾಗೇ. "ಇವರಿಗೆಲ್ಲ ಸರ್ಟಿಫಿಕೇಟ್ ಇದೆಯಲ್ವಾ?" ಅಂದರು. ಎಲ್ಲರ ಮುಂದೆ ನನ್ನ ಮರ್ಯಾದೆ ಹೋಯಿತು.

ಕೊನೆಗೆ ಆಡಿಟರೇ ತೋರಿಸಿಕೊಟ್ಟರು. ಕೈ ತೊಳೆದು, ಪ್ಲಗ್ಗನ್ನು ಬತ್ತಿ ಹೊಸೆದ ಹಾಗೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ತೂರಿಸಬೇಕು. ಅದು ಉಬ್ಬಿ ಕೂರುವ ತನಕ 20-30 ಸೆಕೆಂಡ್ ಬೆರಳಲ್ಲಿ ಹಿಡಿಯಬೇಕು. ಆಮೇಲೆ ಸದ್ದಿನಲ್ಲೇ ನಿಂತು ಎರಡೂ ಕಿವಿ ಮೇಲೆ ಅಂಗೈ ಮುಚ್ಚಿ ನೋಡಬೇಕು. ಸದ್ದು ಇನ್ನೂ ಚೆನ್ನಾಗಿ ಕಡಿಮೆಯಾದರೆ ಪ್ಲಗ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಇಷ್ಟೇ! ಇಷ್ಟನ್ನೂ ಹೇಳಿಕೊಡಲಿಲ್ಲ ಆ ಟ್ರೈನಿಂಗ್ ಮನುಷ್ಯ.

ಅವರಿಗೆ ಫೋನ್ ಮಾಡಿದೆ. "ಒಳ್ಳೇ ಪ್ಲಗ್ ಕೊಟ್ಟಿದೀವಿ ಸಾರ್, ಸದ್ದು 33 ಡೆಸಿಬಲ್ ಕಡಿಮೆ ಮಾಡುತ್ತೆ ಅಂತ ಪ್ಯಾಕೆಟ್ ಮೇಲೇ ಇದೆ ನೋಡಿ." ಕಿವಿಯಲ್ಲಿ ಕೂತರೆ ತಾನೇ 33? ಹಾಗಂದಿದ್ದಕ್ಕೆ "ನಿಮ್ಮ ಹುಡುಗರು ಗಮನ ಕೊಡ್ಲಿಲ್ಲ, ನಾವೇನ್ ಮಾಡೋಣ?" ಒಬ್ಬನ ಕಿವಿಯನ್ನೂ ಹತ್ತಿರ ಹೋಗಿ ನೋಡದವರು ಹೇಳುವ ಮಾತಾ ಇದು? ದುಡ್ಡು ವಾಪಸ್ ಕೇಳಿದೆ. "ಪೇಪರ್ ಕೊಟ್ಟಿದೀವಲ್ಲ ಸಾರ್, ನಮ್ ಕೆಲಸ ಮುಗೀತು."

ಮುಗೀತಂತೆ! ಸದ್ದಿಗೆ ಹೋದ ಕಿವಿ ಯಾವ ಔಷಧಿಗೂ ವಾಪಸ್ ಬರಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿದ್ದ, ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲೇ ಸದ್ದಿನಿಂದ ಬರುವ ಕಿವುಡು ಇತ್ತು. ನಾಳೆ ಉತ್ತರ ಹೇಳಬೇಕಾದವರು ನಾವು, ಅವರಲ್ಲ.

ಅಡ್ವಾನ್ಸ್ ಕೊಡಬೇಡಿ. ಒಬ್ಬೊಬ್ಬನೂ ನಿಮ್ಮ ಕಣ್ಣೆದುರು ತಾನೇ ಹಾಕಿಕೊಂಡು ತೋರಿಸಲಿ, ಆಮೇಲೆ ದುಡ್ಡು. ಬಂದ ತಕ್ಷಣ ಫೋಟೋಗೆ ನಿಲ್ಲಿಸುವವರನ್ನು ಗೇಟಿನಿಂದಲೇ ಕಳಿಸಿ.