ಲಕ್ವಾ ಆದಮೇಲೆ ಎರಡನೇ ಸ್ಕ್ಯಾನ್ ತೋರಿಸಿ ಹೆದರಿಸಿದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಯಾರಿಗಾದರೂ ಲಕ್ವಾ ಹೊಡೆದಿದ್ದರೆ ದಯವಿಟ್ಟು ಪೂರ್ತಿ ಓದಿ. ನಮ್ಮ ಅವ್ವ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಅವ್ವ ಇರುವುದು ಅಣ್ಣಿಗೇರಿಯಲ್ಲಿ. ಮಿದುಳಿನ ಎಡಭಾಗದ ದೊಡ್ಡ ರಕ್ತನಾಳ ಕಟ್ಟಿಕೊಂಡು ಬಲಗೈ, ಬಲಗಾಲು ಬಿದ್ದುಹೋದವು. ಹುಬ್ಬಳ್ಳಿಯಲ್ಲಿ ಒಳ್ಳೆಯ ಚಿಕಿತ್ಸೆ ಸಿಕ್ಕಿತು. ಮನೆಗೆ ಬಂದಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಳು, ಬಲಗೈಯಲ್ಲಿ ಸ್ಟೀಲ್ ಲೋಟ ಹಿಡಿಯುವುದು ಶುರುವಾಗಿತ್ತು. ಲಕ್ವಾ ಆಗಿ ಎರಡು ವಾರದ ಆಸುಪಾಸು ಒಂದು ದಿನ ತಲೆ ಸುತ್ತುತ್ತದೆ ಅಂದಳು. ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಎಂಆರ್‌ಐ ಮಾಡಿಸಿದರು. ಹಳೇ ಸ್ಕ್ಯಾನಿನ ಸಿಡಿ ಕೊಟ್ಟೆವು, ತೆಗೆದೂ ನೋಡಲಿಲ್ಲ. ಬ್ರೈನ್ ಸ್ಟೆಮ್‌ನಲ್ಲಿ, ಅಂದರೆ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಕಾಂಡದಲ್ಲಿ, ಒಂದು ಬಿಳಿ ಗೆರೆ ತೋರಿಸಿ, "ಎರಡನೇ ಸ್ಟ್ರೋಕ್ ಆಗೇತ್ರಿ. ಭಾಳ ಡೇಂಜರ್ ಜಾಗ ಇದು. ಅಲ್ಲಾಡಿಸಬ್ಯಾಡ್ರಿ" ಅಂದರು. ಫಿಸಿಯೋಥೆರಪಿ ಬಂದ್. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ. ಜೊತೆಗೆ ಮಿದುಳಿನ ನರ ಬೆಳೆಸುತ್ತದೆ ಅಂತ ಸಿಟಿಕೋಲಿನ್ ಡ್ರಿಪ್‌ನ ಪ್ಯಾಕೇಜ್, ದುಡ್ಡು ಮೊದಲೇ ಕಟ್ಟಬೇಕು.

ಮಲಗಿಸಿ ಮಲಗಿಸಿ ಅವ್ವನ ಬಲಭುಜ ಮರಗಟ್ಟಿತು. ಕುಪ್ಪಸ ಹಾಕಲು ತೋಳು ಎತ್ತಿದರೆ ಕಿರುಚುತ್ತಿದ್ದಳು. ಬಾಯಿ ಮುಕ್ಕಳಿಸಿದರೆ ಒಸಡಿನಿಂದ ರಕ್ತ. ಲೋಟ ಹಿಡಿದಿದ್ದ ಬೆರಳು ಮತ್ತೆ ಮಡಚಿಕೊಂಡವು. ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.

ಕೊನೆಗೆ ಧಾರವಾಡದಲ್ಲಿ ಒಬ್ಬ ನರರೋಗ ತಜ್ಞರು ಎರಡೂ ಸ್ಕ್ಯಾನ್ ಅಕ್ಕಪಕ್ಕ ಇಟ್ಟು ನೋಡಿದರು. ಅವ್ವನ ಕೈಕಾಲು, ಕಣ್ಣು, ಮಾತು ಎಲ್ಲ ಪರೀಕ್ಷಿಸಿದರು. ಹೊಸದಾಗಿ ಯಾವ ಶಕ್ತಿಯೂ ಹೋಗಿರಲಿಲ್ಲ. ಆ ಬಿಳಿ ಗೆರೆ ಹೊಸ ಸ್ಟ್ರೋಕ್ ಅಲ್ಲವೇ ಅಲ್ಲ ಅಂದರು. ಬಲಗೈ, ಬಲಗಾಲನ್ನು ಆಡಿಸುವ ನರದ ಎಳೆಗಳು ಎಡಮಿದುಳಿನಲ್ಲಿ ಹುಟ್ಟಿ, ಬ್ರೈನ್ ಸ್ಟೆಮ್‌ನ ಎಡಬದಿಯಲ್ಲೇ ಇಳಿದು, ತೀರಾ ಕೆಳಗೆ ಬಂದಮೇಲೆ ಬಲಕ್ಕೆ ದಾಟುತ್ತವೆ. ಗೆರೆ ಬಿದ್ದಿದ್ದು ಸರಿಯಾಗಿ ಅದೇ ದಾರಿಯಲ್ಲಿ, ಅದೇ ಎಡಬದಿಯಲ್ಲಿ. ಬುಡ ಕತ್ತರಿಸಿದ ಸೌತೆ ಬಳ್ಳಿಯ ತುದಿ ಆಮೇಲೆ ಬಾಡುತ್ತದಲ್ವಾ, ಹಾಗೆ ಮೇಲೆ ಪೆಟ್ಟು ಬಿದ್ದ ಎಳೆ ಕೆಳಗೆ ದೂರದಲ್ಲಿ ನಿಧಾನಕ್ಕೆ ಒಣಗುತ್ತದೆ. 1850ರಲ್ಲಿ ಅಗಸ್ಟಸ್ ವಾಲರ್ ಎಂಬಾತ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನೇ ಕಂಡಿದ್ದ. ಇವತ್ತಿಗೂ ಅವನ ಹೆಸರಲ್ಲೇ ಕರೆಯುತ್ತಾರೆ, ವಾಲೇರಿಯನ್ ಡಿಜೆನರೇಶನ್ ಅಂತ. ಶುರುವಿನ ಒಂದೆರಡು ವಾರದಲ್ಲಿ ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆದು ಹೊಸ ಸ್ಟ್ರೋಕ್‌ನ ಹಾಗೇ ಕಾಣಬಹುದು. ತಿಂಗಳುಗಳು ಕಳೆದಮೇಲೆ ಆ ಬದಿಯ ಕಾಂಡವೇ ಸಣ್ಣಗಾಗುತ್ತದೆ.

ಇದು ಆ ಒಂದು ದಾರಿಗೇ ನಿಲ್ಲುವುದಿಲ್ಲ. ಮಿದುಳಿನ ನಡುವೆ ಇರುವ ಥಾಲಮಸ್‌ಗೆ ರಕ್ತ ಕೊಡುವ ನಾಳವೇ ಬೇರೆ, ಅದು ಕಟ್ಟಿರುವುದಿಲ್ಲ. ಆದರೂ ಮೇಲಿನ ಜೀವಕೋಶಗಳ ಜೊತೆ ಸಂಪರ್ಕ ಕಡಿದುಹೋದದ್ದಕ್ಕೆ ವಾರಗಳು, ತಿಂಗಳುಗಳ ಮೇಲೆ ಅಲ್ಲಿಯ ಕೋಶಗಳೂ ಸಾಯುತ್ತವೆ. ಹಾಗಾಗಿ ಆರು ತಿಂಗಳ ಮೇಲೆ ಯಾರಾದರೂ ಸ್ಕ್ಯಾನ್ ತೋರಿಸಿ "ಮಿದುಳು ಕುಗ್ಗೇತಿ, ಇಂಜೆಕ್ಷನ್ ಬೇಕು" ಅಂದರೆ ತಕ್ಷಣ ದುಡ್ಡು ತೆಗೆಯಬೇಡಿ.

ಈ ಒಣಗುವಿಕೆಯನ್ನು ತಡೆಯುತ್ತದೆ ಅಂತ ಸಾಬೀತಾದ ಔಷಧಿ ಇನ್ನೂ ಇಲ್ಲ. ಸಿಟಿಕೋಲಿನ್ ಬಗ್ಗೆಯಂತೂ ಯುರೋಪಿನಲ್ಲಿ 2,298 ರೋಗಿಗಳ ಮೇಲೆ ದೊಡ್ಡ ಪ್ರಯೋಗ ಆಯಿತು. ಅದರ ಫಲಿತಾಂಶ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಔಷಧಿಯೇ ಇಲ್ಲದ ಹುಸಿಮದ್ದು ಕೊಟ್ಟವರಿಗೂ ಇದನ್ನು ಕೊಟ್ಟವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸಕ್ಕೆ ಬರುವುದು ಫಿಸಿಯೋಥೆರಪಿ, ಬಿಪಿ, ಶುಗರ್ ಮಾತ್ರೆ, ಡಾಕ್ಟರು ಬರೆದ ರಕ್ತ ತೆಳು ಮಾಡುವ ಮಾತ್ರೆ. ನಮ್ಮವರಿಗೆ ನಿಲ್ಲಿಸಿದ್ದು ಇದರಲ್ಲಿ ಮೊದಲನೆಯದನ್ನೇ.

ಪ್ರತಿ ಸ್ಕ್ಯಾನಿನ ಸಿಡಿ ಕೇಳಿ ಇಸ್ಕೊಳ್ಳಿ, ರಿಪೋರ್ಟ್ ಒಂದೇ ಸಾಲದು. ಎರಡನೇ ಸ್ಟ್ರೋಕ್ ಅಂದವರಿಗೆ "ಹಳೇದರ ಜೊತೆ ಇಟ್ಟು ನೋಡಿದ್ರೇನ್ರಿ?" ಅಂತ ನೇರವಾಗಿ ಕೇಳಿ. ಆದರೆ ಒಮ್ಮೆಲೇ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಹಳೇದೇ ಇರಬೇಕು ಅಂತ ಕೂರಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ಸುಮಾರು ನಾಲ್ಕೂವರೆ ತಾಸು. ಸ್ಕ್ಯಾನ್ ಮತ್ತು ನರರೋಗ ತಜ್ಞರು ಇರುವ ಆಸ್ಪತ್ರೆಗೆ ಸೀದಾ ಹೋಗಿ.