ಸಿದ್ದಿ ಕೌದಿಯೋ, ಒಂಬತ್ತು ಚೌಕದ ಬ್ಲಾಕೋ?

ಶಿರಸಿಯ ನಮ್ಮ ಮನೆಯಲ್ಲಿ ಹಳೇ ಸೀರೆಗಳ ಗಂಟಿಗೆ ಬರವಿಲ್ಲ. ಅವುಗಳ ತುಂಡು ಜೋಡಿಸಿ ಹೊದಿಕೆಯನ್ನು ಈ ಎರಡೂ ರೀತಿಯಲ್ಲಿ ಹೊಲಿದು ನೋಡಿದ್ದೇನೆ.

ಬ್ಲಾಕ್, ಅಂದರೆ ಸಣ್ಣ ಚೌಕಗಳನ್ನು ಜೋಡಿಸಿ ಮಾಡುವ ದೊಡ್ಡ ಚೌಕ, ಲೆಕ್ಕದ ಕೆಲಸ. 2.5 ಇಂಚಿನ 9 ಚೌಕಗಳನ್ನು ಸಾಲಿಗೆ ಮೂರರಂತೆ ಕಾಲಿಂಚು ಅಂಚು ಬಿಟ್ಟು ಜೋಡಿಸಿದರೆ 6.5 ಇಂಚು ಬರಬೇಕು. ನನ್ನ ಮೊದಲ ಬ್ಲಾಕ್ 6.25 ಬಂತು! ಪ್ರತಿ ಹೊಲಿಗೆ ಇಂಚಿನ 16ನೇ ಒಂದು ಭಾಗ ಒಳಗೆ ಸರಿದಿತ್ತು, ಅಷ್ಟೇ. ಆದರೆ ಅದು ಎರಡೂ ಬದಿಯ ಬಟ್ಟೆ ತಿನ್ನುತ್ತದೆ, ಸಾಲಿಗೆ ಎರಡು ಹೊಲಿಗೆ ಬೇರೆ. ಬಿಚ್ಚಿ ಹೊಲಿದಾಗಲೇ ಬುದ್ಧಿ ಬಂತು.

ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಹೊಲಿಯುವ ಕೌದಿಯಲ್ಲಿ ಬ್ಲಾಕೇ ಇಲ್ಲ. ಕೆಳಗೆ ಸೀರೆ ಹಾಸಿ, ಒಂದು ಮೂಲೆಯಿಂದ ಅಂಚಿನ ಸುತ್ತ ತುಂಡು ಇಡುತ್ತಾ ನಡುವಿಗೆ ಬರುತ್ತಾರೆ. ಎಲ್ಲ ಪದರವೂ ಸೂಜಿ ಮೇಲೆ-ಕೆಳಗೆ ಹಾಯಿಸುವ ಕೈಯ ರನ್ನಿಂಗ್ ಸ್ಟಿಚ್‌ನಲ್ಲೇ ಕೂರುತ್ತದೆ. ತುಂಡು ಸಣ್ಣದಾಯ್ತಾ? ಮೇಲೊಂದು ಇಟ್ಟರಾಯ್ತು.

ಮಿಷನ್ ಇದ್ದು, ಅಳತೆ ಹಿಡಿಯುವ ತಾಳ್ಮೆಯಿದ್ದರೆ ಬ್ಲಾಕ್. ಬರೀ ಸೂಜಿದಾರ ಇದ್ದರೆ ಕೌದಿ. ನನ್ನ ಓಟು ಕೌದಿಗೇ. ಆದರೆ ನಮ್ಮ ಮಳೆಗಾಲದಲ್ಲಿ ಸುಮ್ನೆ ಅದನ್ನು ತೊಳೆಯಲು ಹೋಗಬೇಡಿ. ವಾರವಾದರೂ ಒಣಗುವುದಿಲ್ಲ!