ಯಜಮಾನರಿಗೊಂದು ಕ್ಯಾಮೆರಾ: ಮೂರರಲ್ಲಿ ಧೂಳಿಗೆ ಜಗ್ಗದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಒಲಿಂಪಸ್ ಟಿಜಿ-6ಕ್ಕೆ. ಮೂರರಲ್ಲಿ ತುಟ್ಟಿ ಅದೇ, ದಪ್ಪ ಅದೇ, ಜೂಮ್ ಕಡಿಮೆ ಇರುವುದೂ ಅದಕ್ಕೇ. ಆದರೂ ಅದೇ ಯಾಕೆ ಅಂದರೆ ಬಳ್ಳಾರಿ ಸೀಮೆಯಲ್ಲಿ ಸಣ್ಣ ಕ್ಯಾಮೆರಾಗಳು ಹೆಚ್ಚಾಗಿ ಸಾಯುವುದು ಮಣ್ಣು ತಿಂದು.

ಜೊತೆಗಿಟ್ಟು ನೋಡಿದ ಉಳಿದೆರಡು: ಕ್ಯಾನನ್ ಐಕ್ಸಸ್ 285 ಎಚ್‌ಎಸ್ ಮತ್ತು ಸೋನಿ ಡಬ್ಲ್ಯೂ830. ಬಳಸುವವರು ನಮ್ಮ ಯಜಮಾನರು. ಭಾನುವಾರ ಬಂತೆಂದರೆ ಬೈಕ್ ಹತ್ತಿ ಇಟಗಿ, ಕುಕನೂರು, ಮಸ್ಕಿ ಅಂತ ಗುಡಿ-ಶಾಸನ ಸುತ್ತುವವರು. ಮೆನು ಓದುವುದಿಲ್ಲ, ಲೆನ್ಸನ್ನು ಹೆಗಲ ಮೇಲಿನ ಟವೆಲಿನಿಂದಲೇ ಒರೆಸುತ್ತಾರೆ, ಚಾರ್ಜಿನ ನೆನಪಾಗುವುದು ಹೆಲ್ಮೆಟ್ ಹಾಕಿಕೊಂಡ ಮೇಲೆ. ಯಾವ ಕ್ಯಾಮೆರಾ ಒಳ್ಳೆಯದು ಅನ್ನುವುದಕ್ಕಿಂತ ಇಂಥ ಕೈಯಲ್ಲಿ ಯಾವುದು ಬಾಳುತ್ತದೆ ಅನ್ನುವುದೇ ಇಲ್ಲಿ ಪ್ರಶ್ನೆ.

ಧೂಳಿನ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಮ್ಮಲ್ಲಿ ಅದು ಒಂದೇ ಬಗೆಯದಲ್ಲ. ಸಂಡೂರು, ತೋರಣಗಲ್ಲು ಕಡೆ ಕೆಂಪು ಅದಿರು, ಗಿಣಿಗೇರಾ ಸುತ್ತ ಕರಿ ಪುಡಿ, ಸಿರುಗುಪ್ಪ, ಕಾರಟಗಿ, ರಾಯಚೂರಿನ ಅಕ್ಕಿ ಗಿರಣಿಗಳ ಪಕ್ಕ ಹೊಟ್ಟು, ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಲ್ಲಿ ನೀಲಿ ನೂಲಿನ ಎಳೆ. ಅದಿರಿನಲ್ಲಿರುವ ಹೆಮಟೈಟ್‌ನ ಗಡಸುತನ ಮೋಸ್ ಅಳತೆಯಲ್ಲಿ 5.5ರಿಂದ 6.5, ಮರಳಿನ ಕ್ವಾರ್ಟ್ಜ್ 7. ಸಾಮಾನ್ಯ ಗಾಜು 5.5ರ ಆಸುಪಾಸು. ಆ ಪುಡಿ ಕೂತ ಲೆನ್ಸನ್ನು ಟವೆಲಿನಿಂದ ಉಜ್ಜುವುದೂ ಒಂದೇ, ಉಪ್ಪುಕಾಗದದಿಂದ ತಿಕ್ಕುವುದೂ ಒಂದೇ.

ಗೀರು ಬಿದ್ದರೂ ಚಿತ್ರ ಹೇಗೋ ಬರುತ್ತದೆ. ಕ್ಯಾಮೆರಾ ನಿಂತೇ ಹೋಗುವುದು ಲೆನ್ಸ್ ಸಿಕ್ಕಿಕೊಂಡಾಗ. ಆನ್ ಮಾಡಿದರೆ ಮೂತಿ ಹೊರಗೆ ಬರುವ ಯಾವ ಕಂಪನಿಯ ಕ್ಯಾಮೆರಾದಲ್ಲೂ ಒಂದರೊಳಗೊಂದು ಕೂತ ಎರಡು-ಮೂರು ಕೊಳವೆಗಳಿರುತ್ತವೆ. ಕೊಳವೆಯ ಮೇಲಿನ ಗೂಟ ಇನ್ನೊಂದರ ಓರೆ ತೋಡಿನಲ್ಲಿ ಜಾರುತ್ತದೆ, ಬೆರಳುಗುರಿನಷ್ಟು ಮೋಟರು ಪ್ಲಾಸ್ಟಿಕ್ ಹಲ್ಲಿನ ಗಾಲಿಗಳ ಮೂಲಕ ಅದನ್ನು ತಿರುಗಿಸುತ್ತದೆ. ಕೊಳವೆಗಳ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ಒಂದು ಕಣ ಸಿಕ್ಕರೂ ಮೋಟರು ಮುಕ್ಕರಿಯುತ್ತದೆ. ಲೆನ್ಸ್ ತಲುಪಬೇಕಾದ ಜಾಗ ತಲುಪಲಿಲ್ಲ ಅಂತ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಗೊತ್ತಾಗಿ, ಲೆನ್ಸ್ ಎರರ್ ಅನ್ನುವ ಸಾಲು ತೋರಿಸಿ ಆಫ್ ಆಗುತ್ತದೆ. ಮೂತಿ ಅರ್ಧ ಹೊರಗೇ ಉಳಿಯುತ್ತದೆ.

ಆಗ ಬಹುಪಾಲು ಜನ ಅದನ್ನು ಕೈಯಿಂದ ಒಳಗೆ ಒತ್ತುತ್ತಾರೆ. ಗಾಲಿಯ ಹಲ್ಲು ಮುರಿಯುವುದು ಆಗಲೇ, ಧೂಳಿನಿಂದಲ್ಲ. ಮಾಡಬೇಕಾದದ್ದು ಇಷ್ಟು: ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಡಿ. ಲೆನ್ಸ್ ನೆಲ ನೋಡುವಂತೆ ಹಿಡಿದು ರಬ್ಬರ್ ಬ್ಲೋವರ್‌ನಿಂದ ಸಂದಿನ ಸುತ್ತ ಓರೆಯಾಗಿ ಊದಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ, ಮೂತಿ ಕೆಳಗಿರುವಂತೆಯೇ ಆನ್ ಮಾಡಿ. ಬ್ಯಾಟರಿ ಸೋತಿದ್ದರೂ ಮೋಟರಿಗೆ ಶಕ್ತಿ ಸಾಲದೆ ಇದೇ ಎರರ್ ಬರುತ್ತದೆ. ಎರಡು-ಮೂರು ಸಲಕ್ಕೆ ಬರದಿದ್ದರೆ ಬಿಟ್ಟುಬಿಡಿ. ಪಂಕ್ಚರ್ ಅಂಗಡಿಯ ಗಾಳಿಯಂತೂ ಬೇಡವೇ ಬೇಡ, ಅದರಲ್ಲಿ ಕಂಪ್ರೆಸರಿನ ನೀರು-ಎಣ್ಣೆ ಎರಡೂ ಇರುತ್ತವೆ, ಒತ್ತಡಕ್ಕೆ ಕಣ ಇನ್ನೂ ಒಳಗೆ ಹೋಗುತ್ತದೆ.

ಇನ್ನೊಂದು ಬಗೆಯ ಸಾವು ಚೀಲದೊಳಗೆ. ಪವರ್ ಗುಂಡಿ ತಾನಾಗಿ ಒತ್ತಿಕೊಂಡು, ಮೂತಿ ಹೊರಬರಲು ಜಾಗವಿಲ್ಲದೆ ಟಿಫಿನ್ ಡಬ್ಬಿಗೋ ನೀರಿನ ಬಾಟಲಿಗೋ ಒತ್ತುತ್ತದೆ. ಮೆತ್ತನೆಯ ಪೌಚು ಇದಕ್ಕೆ ಉಪಯೋಗವಿಲ್ಲ, ಗಟ್ಟಿ ಕೇಸೇ ಬೇಕು. ತೆಗೆದ ಚಿತ್ರ ನೋಡುವುದಷ್ಟೇ ಇದ್ದರೆ ಪವರ್ ಗುಂಡಿಯ ಬದಲು ಪ್ಲೇ ಗುಂಡಿ ಒತ್ತಿ. ಐಕ್ಸಸ್‌ನಲ್ಲಿ ಆಗ ಲೆನ್ಸ್ ಹೊರಗೆ ಬರುವುದಿಲ್ಲ.

ಸಿಕ್ಕಿಕೊಳ್ಳದಿದ್ದರೂ, ಮೂತಿ ಹೊರಬರುವಾಗಲೆಲ್ಲ ಸೈಕಲ್ ಪಂಪಿನಂತೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಧೂಳು ನಿಧಾನಕ್ಕೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂರುತ್ತದೆ. ಎಲ್ಲ ಚಿತ್ರಗಳಲ್ಲೂ ಆಕಾಶದ ಅದೇ ಜಾಗದಲ್ಲಿ ಮಸುಕು ಕಲೆ ಕಂಡರೆ ಅದೇ ಅಂತ ತಿಳಿಯಿರಿ. ಲೆನ್ಸ್ ಬಿಚ್ಚುವ ಕ್ಯಾಮೆರಾ ಆದರೆ ಊದಿ ತೆಗೆಯಬಹುದು, ಇದರಲ್ಲಿ ಪೂರ್ತಿ ಬಿಚ್ಚಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಪೂರ್ತಿ ಜೂಮ್ ಮಾಡಿ ಸುಣ್ಣದ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಡಬ್ಲ್ಯೂ830 ಬಂದದ್ದು 2014ರಲ್ಲಿ, ಈಗ ಹೆಚ್ಚಾಗಿ ಸಿಗುವುದು ಹಳೆಯದೇ, ಆದ್ದರಿಂದ ಅದಕ್ಕೆ ಈ ಪರೀಕ್ಷೆ ಕಡ್ಡಾಯ.

ಟಿಜಿ-6ರಲ್ಲಿ ಈ ತಾಪತ್ರಯಗಳು ಯಾವುವೂ ಇಲ್ಲ. ಜೂಮ್ ಪೂರ್ತಿ ಒಳಗೇ ನಡೆಯುತ್ತದೆ, ಹೊರಗಿರುವುದು ಅಲುಗಾಡದ ಒಂದು ಗಾಜು. ಧೂಳಿಗೆ ಐಪಿ6ಎಕ್ಸ್, ಅಂದರೆ ಧೂಳು ಒಳಗೆ ನುಸುಳದ ದರ್ಜೆ, ನೀರಿಗೆ 15 ಮೀಟರ್ ಆಳದವರೆಗೆ ತಡೆ. ಸಂಡೂರು ಗುಡ್ಡ ಸುತ್ತಿ ಬಂದರೆ ಚಾ ಲೋಟ ತೊಳೆದಂತೆ ನಲ್ಲಿ ಕೆಳಗೆ ಹಿಡಿದು ತೊಳೆಯಬಹುದು. ಮೊದಲು ನೀರಿನಿಂದ ಕಣ ಹೋಗಲಿ, ಆಮೇಲೆ ಬಟ್ಟೆ. ಕೊನೆಯ ನೀರು ಮಾತ್ರ ಫಿಲ್ಟರಿನದು ಇರಲಿ, ನಮ್ಮ ಬೋರ್‌ವೆಲ್ ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ.

ಅದರ ಕಿರಿಕಿರಿ ಬಾಗಿಲುಗಳದ್ದು. ಬ್ಯಾಟರಿ-ಕಾರ್ಡಿಗೆ ಒಂದು, ಕೇಬಲ್ಲಿಗೆ ಒಂದು, ಎರಡಕ್ಕೂ ರಬ್ಬರ್ ಪಟ್ಟಿ. ಚಾರ್ಜ್ ಮಾಡಬೇಕಾದರೆ ಎರಡರಲ್ಲಿ ಒಂದನ್ನಾದರೂ ತೆರೆಯಲೇಬೇಕು. ಪಟ್ಟಿಯ ಮೇಲೆ ಒಂದು ನೂಲಿನೆಳೆ ಅಡ್ಡ ಬಿದ್ದರೆ ಸಾಕು, ನೀರು ಒಳಗೆ. ಹಾಗಾಗಿ ಬಾಗಿಲು ತೆರೆಯುವುದು ಮನೆಯಲ್ಲೇ, ಫ್ಯಾನ್ ಆಫ್ ಮಾಡಿ. ಮುಚ್ಚುವ ಮುಂಚೆ ಪಟ್ಟಿಯ ಸುತ್ತ ಒಮ್ಮೆ ಕಣ್ಣಾಡಿಸಿ. ಪಟ್ಟಿಗಳನ್ನು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತದೆ ಕಂಪನಿ. ಕೆರೆಯಲ್ಲಿ ಮುಳುಗಿಸುವವರು ಅದನ್ನು ಪಾಲಿಸಲೇಬೇಕು, ಧೂಳಿಗಷ್ಟೇ ಬಳಸುವವರು ಸ್ವಲ್ಪ ಸಡಿಲ ಬಿಡಬಹುದು ಅನ್ನುವುದು ನನ್ನ ಲೆಕ್ಕ.

ಗುಡಿಯೊಳಗಿನ ಕತ್ತಲೆಗೆ ಬರೋಣ. ಇಟಗಿಯ ಮಹಾದೇವ ದೇವಾಲಯ 1112ರದ್ದು, ಅದರ ನಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಫ್ಲಾಶ್ ಹಾಕಿದರೆ ಕಂಬದ ನಡುವೆ ಬಿಳಿ ಉಂಡೆ. ಫ್ಲಾಶ್ ಇಲ್ಲದೆ ತೆಗೆಯಲು ಲೆನ್ಸ್ ಬಾಯಿ ದೊಡ್ಡದಿರಬೇಕು, ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಜೂಮ್ ಮಾಡದಿದ್ದಾಗ ಟಿಜಿ-6ಕ್ಕೆ ಎಫ್/2, ಸೋನಿಗೆ ಎಫ್/3.3, ಐಕ್ಸಸ್‌ಗೆ ಎಫ್/3.6. ಅಂದರೆ ಟಿಜಿ-6ಕ್ಕೆ ಐಕ್ಸಸ್‌ನ ಸುಮಾರು ಮೂರು ಪಟ್ಟು ಬೆಳಕು. ಐಕ್ಸಸ್ 800 ಐಎಸ್‌ಒ ಕೇಳುವ ಕಡೆ ಇದಕ್ಕೆ 250 ಸಾಕು (ಐಎಸ್‌ಒ ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ). ಜೂಮ್ ಮುಟ್ಟಬೇಡಿ, ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಎರಡು ಸೆಕೆಂಡಿನ ಟೈಮರ್ ಹಾಕಿ.

ಶಾಸನಕ್ಕೆ ಎದುರಿನ ಬೆಳಕೇ ಶತ್ರು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನದಂಥ ಸವೆದ ಅಕ್ಷರಕ್ಕೆ ಬಂಡೆಗೆ ಒರಗಿಸಿದಷ್ಟು ಓರೆಯಾಗಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಗೀರಿನೊಳಗೆ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಹತ್ತಿರದಿಂದ ತೆಗೆಯಲು ಐಕ್ಸಸ್‌ಗೂ 1 ಸೆಂಟಿಮೀಟರ್ ಆಗುತ್ತದೆ, ಆದರೆ ಜೂಮ್ ಮಾಡದೆ ಮಾತ್ರ. ಆಗ ಕ್ಯಾಮೆರಾದ ನೆರಳೇ ಕಲ್ಲಿನ ಮೇಲೆ ಬೀಳುತ್ತದೆ. ಟಿಜಿ-6ರ ಮೈಕ್ರೋಸ್ಕೋಪ್ ಮೋಡಿನಲ್ಲಿ ಜೂಮ್ ಮಾಡಿಯೂ ಹತ್ತಿರ ಫೋಕಸ್ ಆಗುವುದರಿಂದ ಸ್ವಲ್ಪ ಹಿಂದೆ ಸರಿದು ಟಾರ್ಚಿಗೆ ಜಾಗ ಬಿಡಬಹುದು. ಸೋನಿಗೆ 5 ಸೆಂಟಿಮೀಟರ್.

ಐಕ್ಸಸ್ ಗೆಲ್ಲುವುದು ಜಾತ್ರೆಯಲ್ಲಿ. ಗವಿಸಿದ್ಧೇಶ್ವರ ತೇರಿನ ದಿನ ಜನಸಾಗರದ ಹಿಂದೆ ನಿಂತು ಕಳಸಕ್ಕೆ ಉತ್ತತ್ತಿ ಬೀಳುವುದನ್ನು ಹಿಡಿಯಬೇಕೆಂದರೆ ಅದರ 12 ಪಟ್ಟು, ಅಂದರೆ 300 ಎಂಎಂ ಜೂಮ್ ಬೇಕು. ಟಿಜಿ-6 100 ಎಂಎಂಗೇ ಮುಗಿಯುತ್ತದೆ, ಕಳಸ ಕಡಲೆಕಾಳಿನಷ್ಟು. ಆದರೆ ಆ ತುದಿಯಲ್ಲಿ ಐಕ್ಸಸ್ ಎಫ್/7ಕ್ಕೆ ಇಳಿಯುತ್ತದೆ, ಹೊತ್ತು ಮುಳುಗಿದ ಮೇಲೆ ಅದೂ ಕಲಸಿಹೋಗುತ್ತದೆ. ಅಂದಹಾಗೆ ಜಾತ್ರೆಯ ಧೂಳಿನಲ್ಲಿ ಫ್ಲಾಶ್ ಹಾಕಿದರೆ ಚಿತ್ರದಲ್ಲಿ ಬಿಳಿ ಬಿಲ್ಲೆಗಳು ತೇಲುತ್ತವೆ. ಲೆನ್ಸ್ ಪಕ್ಕದಲ್ಲೇ ಫ್ಲಾಶ್ ಇರುವುದರಿಂದ ಹತ್ತಿರದ ಕಣಗಳು ಬೆಳಗುವುದಷ್ಟೇ, ಪವಾಡವೇನಲ್ಲ. ಮೂರೂ ಇದರಲ್ಲಿ ಸಮ.

ಬಿಸಿಲು. ಕ್ಯಾಮೆರಾಗಳಿಗೆ ಕಂಪನಿಗಳು ಹೇಳುವ ಮಿತಿ ಸಾಮಾನ್ಯವಾಗಿ 40 ಡಿಗ್ರಿ, ರಾಯಚೂರಿನ ಏಪ್ರಿಲ್-ಮೇ ಅದನ್ನು ದಾಟುತ್ತದೆ. ಸೋನಿಯ ಕೈಪಿಡಿ ಚಾರ್ಜ್ ಮಾಡಲು 10ರಿಂದ 30 ಡಿಗ್ರಿ ಅನ್ನುತ್ತದೆ, ಬಿಸಿ ಹೆಚ್ಚಾದರೆ ಚಾರ್ಜ್ ನಿಂತು ದೀಪ ಮಿಣುಕುತ್ತದೆ. ಕೆಟ್ಟಿತು ಅಂತ ಅಂಗಡಿಗೆ ಓಡಬೇಡಿ, ಬೆಳಗಿನ ಜಾವಕ್ಕೆ ಹಾಕಿ. ಯಾವುದನ್ನೂ ಬೈಕಿನ ಟ್ಯಾಂಕ್ ಚೀಲದಲ್ಲಿ ಬಿಡಬೇಡಿ.

ಒಂದು ಚಾರ್ಜಿಗೆ ಟಿಜಿ-6 340 ಚಿತ್ರ, ಸೋನಿ 210, ಐಕ್ಸಸ್ 180. ಐಕ್ಸಸ್‌ಗೆ ಎರಡನೇ ಬ್ಯಾಟರಿ ಬೇಕೇ ಬೇಕು. ಸೋನಿಗೆ ವೈಫೈ ಇಲ್ಲ, ವಾಟ್ಸಾಪಿಗೆ ಕಳಿಸಲು ಕಾರ್ಡ್ ರೀಡರ್ ಹಿಡಿದು ತಿರುಗಬೇಕು. 2025ರಲ್ಲಿ ಮತ್ತೆ ಬಿಟ್ಟ ಐಕ್ಸಸ್ 285 ಎಚ್‌ಎಸ್ ಎ ಕೊಳ್ಳುವುದಾದರೆ ಅದಕ್ಕೆ ಮೈಕ್ರೋ ಎಸ್‌ಡಿ, ಮನೆಯ ಹಳೆ ಕಾರ್ಡ್ ಕೂರುವುದಿಲ್ಲ. ತೂಕ: ಐಕ್ಸಸ್ 147 ಗ್ರಾಂ, ಟಿಜಿ-6 253. ಅಂಗಿ ಜೇಬು ಜೋತುಬೀಳುತ್ತದೆ, ನಿಜ.

ಜೇಬಿನಲ್ಲಿ ಹದಿನೈದು ಸಾವಿರವಷ್ಟೇ ಇದ್ದರೆ ಹೊಸ ಟಿಜಿ-6ರ ಆಸೆ ಬಿಡಿ. ಮನೆಯೊಳಗಿನ ಹುಟ್ಟುಹಬ್ಬ, ಮದುವೆ, ಜಾತ್ರೆ ಇಷ್ಟೇ ಆದರೆ ಸುಸ್ಥಿತಿಯ ಐಕ್ಸಸ್, ಗಟ್ಟಿ ಕೇಸು, ಒಂದು ಬ್ಲೋವರ್ ಸಾಕು. ಡಬ್ಲ್ಯೂ830 ಹತ್ತು ವರ್ಷದ ಮಕ್ಕಳಿಗೆ ಚೆಂದ. ಕೆಂಪು ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಮಾತ್ರ ಆರು ತಿಂಗಳು ಕಾದಾದರೂ ಟಿಜಿ-6.

ಅದರ ಜೊತೆ ಲೆನ್ಸ್ ಮುಂದೆ ಫಿಲ್ಟರ್ ಕೂರಿಸುವ ಸಿಎಲ್‌ಎ-ಟಿ01 ಅನ್ನುವ ಬಳೆಯನ್ನೂ 40.5 ಎಂಎಂನ ತೆಳು ಯುವಿ ಫಿಲ್ಟರನ್ನೂ ತರಿಸಿಕೊಳ್ಳಿ, ಏಕೆಂದರೆ ಟಿಜಿ-6ಕ್ಕೆ ಲೆನ್ಸ್ ಮುಚ್ಚಳವಿಲ್ಲ. ಯಜಮಾನರಿಗೆ ಮೈಕ್ರೋಫೈಬರ್ ಬಟ್ಟೆ ಕೊಟ್ಟರೆ ಅದರಿಂದ ಕನ್ನಡಕ ಒರೆಸಿಕೊಂಡು, ಲೆನ್ಸಿಗೆ ಮತ್ತೆ ಟವೆಲ್ಲೇ ಹಿಡಿಯುತ್ತಾರೆ. ಗೀರು ಫಿಲ್ಟರಿಗೇ ಬೀಳಲಿ.